ಕೆಡವಿದ ಹೂತೊಟ್ಟಿ

“ಕಟ್ಟಿದ್ದನ್ನ ಕೆಡವೋಕೆ ನಿಮಗೆ ಯಾರು ಹೇಳಿದ್ದು?”

ಆರಾಧನಾಳ ದನಿ ಸಿಟ್ಟಿನಿಂದ ಕಂಪಿಸಿತು. ಮಂಡಿನೋವಿನ ಅಮ್ಮ ಬಗ್ಗದೆ, ನಿಂತೇ ಗಿಡ ನೋಡಿಕೊಳ್ಳಲೆಂದು ಶಂಕರಪುರಂನ ಆ ಮನೆಯಂಗಳದಲ್ಲಿ ಸೊಂಟದೆತ್ತರದ ಇಟ್ಟಿಗೆಯ ಹೂತೊಟ್ಟಿ ನಿನ್ನೆಯಷ್ಟೇ ಎದ್ದಿತ್ತು. ಈಗ ಅದು ಬರೀ ರಾಶಿ!

ಕೆಡವಿದವನು ಮೇಸ್ತ್ರಿ ನಂದೀಶ್. ವಾರದ ಹಿಂದೆ, ಅಮ್ಮನ ಮೊಣಕೈವರೆಗೆ ದಾರ ಹಿಡಿದು ತೊಟ್ಟಿಯ ಎತ್ತರ ಗೊತ್ತುಮಾಡಿದ್ದವನೂ ಅವನೇ. ಆ ದಿನವೇ ಆರಾಧನಾಳ ಮನಸ್ಸು ಅವನತ್ತ ವಾಲಿತ್ತು...

“ಗೋಡೆ ನಿಲ್ಲಲ್ಲ ಮೇಡಂ. ಮತ್ತೆ ಕಟ್ತೀನಿ.”

“ನಿಮ್ಮಂಥವರ ಕೆಲಸವೇ ಇಷ್ಟು.”

ಇಟ್ಟಿಗೆ ಆರಿಸುತ್ತಿದ್ದ ಆಳುಗಳೆಲ್ಲ ತಿರುಗಿ ನೋಡಿದರು. ನಂದೀಶ್ ಗಾರೆ ಮೆತ್ತುವ ಕರಣೆಯನ್ನು ಕೆಳಗಿಟ್ಟ.

“ಕೆಲಸ ಕೆಟ್ಟಿದೆ ಅನ್ನಿ, ಕೇಳ್ತೀನಿ. ನಮ್ಮ ಜನಾನ ಅನ್ಬೇಡಿ.”

ಅವನು ಗೇಟು ದಾಟಿದ.

ಗಾರೆ ಹೊರುವ ಅಕ್ಕಯಮ್ಮ ಆಗ ಬಾಯಿಬಿಟ್ಟಳು. ಮೊನ್ನೆ ನಂದೀಶ್ ಇಟ್ಟಿಗೆಗಳನ್ನು ಡ್ರಮ್ಮಿನಲ್ಲಿ ನೆನೆಹಾಕಿ ಹೋಗಿದ್ದ. ಟ್ಯಾಂಕರ್ ನೀರು ತರಿಸುವ ಕಾಲದಲ್ಲಿ ಇದೆಂಥ ದಂಡವೆಂದು ಗದರಿ, ಆ ನೀರನ್ನೆಲ್ಲ ತೆಂಗಿನ ಬುಡಕ್ಕೆ ಹುಯ್ಯಿಸಿದವಳು ಆರಾಧನಾಳೇ! ನಿನ್ನೆ ಅವನು ಬೇರೆ ಕೆಲಸದಲ್ಲಿದ್ದಾಗ ಆಳುಗಳು ಹೆದರಿ ಒಣ ಇಟ್ಟಿಗೆಯನ್ನೇ ಜೋಡಿಸಿದ್ದರು. ಒಣ ಇಟ್ಟಿಗೆ ಗಾರೆಯ ತೇವವನ್ನೆಲ್ಲ ಹೀರಿತ್ತು; ಗಾರೆ ಗಟ್ಟಿಯಾಗಿ ಹಿಡಿದಿರಲಿಲ್ಲ. ಇಂದು ಅವನು ಕೈಯಿಟ್ಟೊಡನೆ ಗೋಡೆ ಅಲುಗಾಡಿತ್ತು.

“ಅಮ್ಮಾವ್ರು ಒರಗಿದ್ರೆ ಮೈಮೇಲೇ ಬೀಳ್ತಿತ್ತು. ನೀರು ಚೆಲ್ಲಿಸಿದ್ದು ನೀವೇ ಅಂತ ಅವನಿಗೂ ಗೊತ್ತು ಕಣವ್ವಾ.”

ಆರಾಧನಾಳಿಗೆ ತನ್ನ ಮೇಲೆಯೇ ಅಸಹ್ಯವೆನಿಸಿತು. ತರಗತಿಯಲ್ಲಿ ಸಮಾನತೆಯ ಪಾಠ ಹೇಳುವ ನಾಲಿಗೆ ಇದೇ ಅಲ್ಲವೇ? ಕೆಲಸದವರನ್ನು ಹಿತ್ತಲ ಬಾಗಿಲಿಂದಲೇ ಕರೆಯುವ ಅಪ್ಪನಿಗೂ ತನಗೂ ಏನು ವ್ಯತ್ಯಾಸ? ಜಾತಿಯ ಹೆಸರೆತ್ತದೆಯೇ ಜಾತಿಯ ಮಾತಾಡುವುದನ್ನು ಓದಿದವರು ಎಷ್ಟು ನಯವಾಗಿ ಕಲಿತಿರುತ್ತಾರೆ! ಕಲಿಯಬೇಕಾದದ್ದು ಮಾತ್ರ ಉಳಿದೇಹೋಗಿರುತ್ತದೆ.

ಓಡಿಹೋಗಿ ಅವನನ್ನು ಕರೆತಂದಳು. ಅವಮಾನಿಸಿದ್ದು ಎಲ್ಲರೆದುರಿಗೆ; ಕ್ಷಮೆ ಕೇಳುವುದೂ ಎಲ್ಲರೆದುರಿಗೇ ಆಗಬೇಕಿತ್ತು.

“ತಪ್ಪು ನನ್ನದು. ಆಡಿದ ಮಾತು ಇನ್ನೂ ದೊಡ್ಡ ತಪ್ಪು... ಆದ್ರೆ ನೀವು ಆಗ್ಲೇ ಯಾಕೆ ಹೇಳಲಿಲ್ಲ?”

“ಇವರ ಮುಂದೆ ನಿಮ್ಮನ್ನ ಸಣ್ಣವರನ್ನಾಗಿ ಮಾಡೋಕೆ ಮನಸ್ಸಾಗಲಿಲ್ಲ.” ಅವನ ಕಣ್ಣು ಇನ್ನೂ ಉರಿಯುತ್ತಿತ್ತು. “ಬೇರೆಯವರು ಅಂದಿದ್ರೆ ಜಗಳ ಆಡಿ ಮರೆತುಬಿಡ್ತಿದ್ದೆ. ಅಂದಿದ್ದು ನೀವು. ಇಷ್ಟಪಟ್ಟವರು ಅಂದ್ರೆ...”

ಅವಳ ಕಣ್ಣು ತುಂಬಿತು.

“ಕೋಪ ಇರಲಿ. ನೀವು ಮಾತ್ರ ಹೋಗ್ಬೇಡಿ, ನಂದೀಶ್.”

ಅವನು ಕೆಳಗಿಟ್ಟಿದ್ದ ಕರಣೆಯನ್ನು ಮತ್ತೆ ಕೈಗೆತ್ತಿಕೊಂಡ. ಬಳಿಕ ಡ್ರಮ್ಮಿಗೆ ನೀರಿನ ಪೈಪು ಇಳಿಬಿಟ್ಟ. ಅವಳು ಒಂದೊಂದೇ ಇಟ್ಟಿಗೆ ಎತ್ತಿಕೊಟ್ಟಳು.

“ತೊಟ್ಟಿ ಮುಗಿದ ಮೇಲೂ ಬರ್ತೀರಾ?”

“ಮುಂಬಾಗಿಲಿಂದ ಕರೆದ್ರೆ ಬರ್ತೀನಿ.”

“ಕರೀತೀನಿ. ಅಪ್ಪನ ಎದುರಿಗೇ.”