ಟಿಕ್ಕಿನ ಕೆಳಗಿನ ಚುಕ್ಕೆ

"ತಡೀರಿ! ಆ ಬೀಮು ಲಾರಿ ಏರಂಗಿಲ್ಲ!"

ಮೂರು ವರ್ಷದ ಹಿಂದೆ, ಗೊಟ್ಟಿಗೆರೆಯ ಸ್ಟೀಲ್ ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ಅನ್ನಪೂರ್ಣ ಚಿದಾನಂದನಿಗೆ ಹೇಳಿದ ಮೊದಲ ಮಾತು ಅದು. ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಅವಳ ಮೊದಲ ದಿನ. ವಿಜಯಪುರದಿಂದ ಬಂದು ಬಿಟಿಎಂನಲ್ಲಿ ರೂಮು ಹಿಡಿದು ಇನ್ನೂ ವಾರವಾಗಿರಲಿಲ್ಲ. ಅವನು ಉತ್ತರಹಳ್ಳಿಯವನು. ಯಾರ್ಡಿನಲ್ಲಿ ತಯಾರಾದ ಬೀಮು, ಕಂಬಗಳನ್ನು ಸೈಟಿಗೆ ಒಯ್ದು ಎತ್ತಿ ಕೂರಿಸುವ ತಂಡದ ಫೋರ್‌ಮನ್.

"ಮೇಡಂ, ಸೈಟಲ್ಲಿ ಕ್ರೇನ್ ಕಾಯ್ತಿದೆ."

"ಕಾಯಲಿ ಬಿಡ್ರಿ. ವೆಲ್ಡಿಂಗ್ ಎರಡು ಮಿಲಿಮೀಟರ್ ಕಮ್ಮಿ ಐತಿ. ನಾಳೆ ಇದರ ಮ್ಯಾಲ ನಿಲ್ಲೋರು ನೀವಲ್ಲೇನು?"

ಅವನು ವೆಲ್ಡರನ್ನು ಕೂಗಿದ. ವೆಲ್ಡರ್ ಬಂದು ಸರಿ ಮಾಡಿದ ಮೇಲೆ ಅವಳು ಮತ್ತೆ ಅಳತೆಯ ಗೇಜು ಹಿಡಿದು ಉದ್ದಕ್ಕೂ ಅಳೆದಳು. ಬಿಳಿ ಪೇಂಟ್ ಮಾರ್ಕರಿನಿಂದ ಒಂದು ಟಿಕ್ ಹಾಕಿದಳು. ಅದರ ಕೆಳಗೆ ಪುಟ್ಟದೊಂದು ಚುಕ್ಕೆ.

"ಚುಕ್ಕೆ ಯಾಕೆ ಮೇಡಂ? ದೃಷ್ಟಿಬೊಟ್ಟಾ?"

"ಏನೋ... ಕೈ ರೂಢಿರಿ."

ಅವನು ನಕ್ಕ. ಆ ನಗುವನ್ನು ಅವಳು ಅವತ್ತು ಬಸ್ಸಿನಲ್ಲಿ ರೂಮಿನವರೆಗೂ ಹೊತ್ತುಕೊಂಡೇ ಹೋದಳು.

ಆಮೇಲೆ ಅವನು ಯಾರ್ಡಿಗೆ ಬಂದ ದಿನವೆಲ್ಲ, ನಾಲ್ಕೂವರೆಗೆ ಗೇಟಿನೆದುರಿನ ಅಂಗಡಿಯಲ್ಲಿ ಇಬ್ಬರಿಗೂ ಬೈ-ಟು ಕಾಫಿ. ಮಾತು ಬೋಲ್ಟು, ಲಾರಿ, ಟ್ರಾಫಿಕ್ಕಿನದೇ. ಆದರೆ ಕಾಫಿ ಆರಿಹೋದರೂ ಇಬ್ಬರೂ ಏಳುತ್ತಿರಲಿಲ್ಲ.

ಒಮ್ಮೆ ಊಟದ ಹೊತ್ತಿನಲ್ಲಿ ಹಿರಿಯ ಕೆಲಸಗಾರ ಪಿಳ್ಳಪ್ಪ ಕಾಲೆಳೆದಿದ್ದ.

"ಏನಮ್ಮಾ, ನಮ್ ಚಿದುನ್ನ ಮದ್ವೆ ಆಗ್ಬಿಡು, ಆ ಬೈ-ಟು ಖರ್ಚಾದ್ರೂ ಉಳಿಯುತ್ತೆ!"

"ಅಯ್ಯ ಸುಮ್ಮಕಿರ್ರಿ ಪಿಳ್ಳಪ್ಪಣ್ಣ! ಕಬ್ಬಿಣದ ಮ್ಯಾಲ ನಡಿಯೋರನ್ನ ಮದುವಿ ಆಗಿ, ದಿನಾ ಸಂಜಿತನಕ ಜೀವ ಕೈಯಾಗ ಹಿಡ್ಕೊಂಡು ಕೂಡಾಕ ನನ್ನ ಕೈಲೆ ಆಗಂಗಿಲ್ಲ."

ಎಲ್ಲರೂ ನಕ್ಕಿದ್ದರು. ಲಾರಿಯ ಹಿಂದೆ ಹಗ್ಗ ಸುತ್ತುತ್ತಿದ್ದ ಚಿದಾನಂದನ ಕೈ ನಿಂತಿದ್ದನ್ನು ಯಾರೂ ಗಮನಿಸಲಿಲ್ಲ.

ಹೀಗೇ ನಡೆಯುತ್ತಿದ್ದಾಗ ಬಂದಳು ಪ್ರಕೃತಿ.

ಪದ್ಮನಾಭನಗರದಲ್ಲಿ ಏಳುತ್ತಿದ್ದ ನಾಲ್ಕಂತಸ್ತಿನ ಕಟ್ಟಡದ ಡಿಸೈನ್ ಎಂಜಿನಿಯರ್. ಕೈಯಲ್ಲಿ ಟ್ಯಾಬ್, ತಲೆ ಮೇಲೇರಿಸಿದ ಕೂಲಿಂಗ್ ಗ್ಲಾಸ್. ಎರಡನೇ ದಿನಕ್ಕೇ ಅವಳು ಚಿದಾನಂದನನ್ನು "ಚಿದು" ಅಂದಳು.

ಚಿದು!

ಮೂರು ವರ್ಷದಿಂದ 'ಚಿದಾನಂದ್ ಅವರಽ' ಎನ್ನುತ್ತಿದ್ದ ಅನ್ನಪೂರ್ಣ ಸರ್ರನೆ ಸ್ಟೋರಿನ ಕಡೆ ತಿರುಗಿದಳು. ಯಾರ್ಡಿನ ಹೆಲ್ಮೆಟ್‌ಗಳಲ್ಲಿ ಪಟ್ಟಿ ಸಡಿಲವಾದದ್ದನ್ನೇ ಹುಡುಕಿ ಪ್ರಕೃತಿಗೆ ಕೊಟ್ಟಳು. ಅದು ಅವಳ ಮೂಗಿನವರೆಗೆ ಜಾರಿತು. ಆದರೇನು? ಚಿದಾನಂದ ಹತ್ತಿರ ಹೋಗಿ ತಾನೇ ಪಟ್ಟಿ ಬಿಗಿಮಾಡಿಕೊಟ್ಟ!

'ಮಾಡ್ಕೋ, ನೀನಽ ಮಾಡ್ಕೊಂಡಿ ಅನ್ನಪೂರ್ಣ...' ಅವಳು ತನ್ನನ್ನೇ ಬೈದುಕೊಂಡಳು.

ಅವತ್ತಿಂದ ನಾಲ್ಕೂವರೆಗೆ ಅವರಿಬ್ಬರೂ ಕಂಟೇನರ್ ಆಫೀಸಿನೊಳಗೆ. ಟ್ಯಾಬಿನ ಮೇಲೆ ಬಾಗಿದ ಎರಡು ತಲೆ. ಕಾಫಿ ಅಂಗಡಿಯವನು ಕೇಳಿದ, "ಇವತ್ತೂ ಒಂದೇನಾ ಅಕ್ಕ?"

"ಹೂಂ. ಒಂದಽ."

ನಿಂತಿದ್ದ ಲಾರಿಯ ಕನ್ನಡಿಯಲ್ಲಿ ಅವಳು ತನ್ನ ಮುಖ ನೋಡಿಕೊಂಡಳು. ಹುಬ್ಬಿನ ಮೇಲೆ ಕಬ್ಬಿಣದ ಧೂಳು, ಉಗುರಿನಲ್ಲಿ ಬಿಳಿ ಪೇಂಟು. ತನ್ನದೆಂದು ಬಾಯಿಬಿಟ್ಟು ಹೇಳಿರದ ಮನುಷ್ಯ ಬೇರೆಯವರ ಪಕ್ಕ ಕೂತರೆ ದೂರುವುದಾದರೂ ಯಾರಿಗೆ? ಆ ಉರಿಯನ್ನು ಹೆಣ್ಣು ಒಬ್ಬಳೇ ನುಂಗಬೇಕು.

ಪ್ರಕೃತಿ ಬಂದ ಮೂರನೇ ವಾರದ ಗುರುವಾರ. ಮರುದಿನ ಸೈಟಿಗೆ ಹೋಗಬೇಕಿದ್ದ ಹನ್ನೆರಡನೇ ಬೀಮನ್ನು ಪರೀಕ್ಷಿಸಲು ಅವಳು ಕಂಟೇನರಿನ ಪಕ್ಕ ಬಗ್ಗಿದ್ದಳು. ಕಿಟಕಿಯಿಂದ ನಗು ಕೇಳಿಸಿತು. ಹಿಂದೆಯೇ ಅವನ ದನಿ.

"ಪ್ಲೀಸ್ ಮೇಡಂ, ಅನ್ನಪೂರ್ಣಗೆ ಮಾತ್ರ ಗೊತ್ತಾಗ್ಬಾರ್ದು."

ಕಣ್ಣೆದುರಿನ ಬೀಮು ಮಸುಕಾಯಿತು. ಮಾರ್ಕರ್ ತೆಗೆದು ಸರ್ರನೆ ಟಿಕ್ ಎಳೆದು, ರಿಜಿಸ್ಟರಿನಲ್ಲಿ ಸಹಿ ಹಾಕಿ, ಯಾರಿಗೂ ಹೇಳದೆ ಹೊರಟುಬಿಟ್ಟಳು.

ಮರುದಿನ ಬೆಳಿಗ್ಗೆ ಬ್ಯಾಗಿನಲ್ಲಿ ಬಾಚಣಿಗೆ ಹುಡುಕುವಾಗ ಗೇಜು ಕೈಗೆ ಸಿಕ್ಕಿತು. ಅದರ ಪುಟ್ಟ ಚೀಲದೊಳಗೆ. ಜಿಪ್ ಹಾಕಿದ ಹಾಗೇ.

'ನಿನ್ನೆ ಇದನ್ನ ಹೊರಗ ತೆಗೆದಽ ಇಲ್ಲಲ್ಲ...!'

ಹನ್ನೆರಡನೇ ಬೀಮನ್ನು ಅವಳು ಅಳೆದೇ ಇರಲಿಲ್ಲ. ಇವತ್ತು ಅದನ್ನು ಕೂರಿಸುವವನು, ಕೂರಿಸಿ ಅದರ ಮೇಲೆ ನಡೆಯುವವನು ಅವನು!

ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಕೆಲಸದಲ್ಲಿರುವಾಗ ಅವನು ಫೋನನ್ನು ಬ್ಯಾಗಲ್ಲಿಟ್ಟು ಹತ್ತುತ್ತಾನೆಂದು ಅವಳಿಗೆ ಗೊತ್ತಿತ್ತು. ಬಾಚದ ತಲೆಯಲ್ಲೇ ಓಡಿ ಆಟೋ ಹತ್ತಿದಳು.

"ಅಣ್ಣಾ, ಪದ್ಮನಾಭನಗರ. ಲಗೂನ ನಡೀರಿ!"

ಬನಶಂಕರಿಯ ಸಿಗ್ನಲ್‌ನಲ್ಲಿ ಕಳೆದ ಮೂರು ನಿಮಿಷ ಅವಳಿಗೆ ಮೂರು ವರ್ಷದಷ್ಟಾಯಿತು. 'ನನ್ನವನಾಗೋದು ಬ್ಯಾಡ... ಯಾರ ಜೋಡಿನಽ ಇರಲಿ. ಇರಲಿ ಅಷ್ಟಽ, ದೇವರಽ...'

ಸೈಟಿನ ಗೇಟು ದಾಟುವಾಗ ಕ್ರೇನಿನ ಕೊಕ್ಕೆಯಲ್ಲಿ ಬೀಮೊಂದು ಮೇಲೇರುತ್ತಿತ್ತು. ಎತ್ತರದ ಕಂಬದ ತುದಿಯಲ್ಲಿ, ಬೆಲ್ಟು ಸಿಕ್ಕಿಸಿಕೊಂಡು ಚಿದಾನಂದ ಕೂತಿದ್ದ.

"ನಿಲ್ಲಸ್ರಿ! ನಿಲ್ಲಸ್ರೀ!" ಅವಳ ಕೂಗಿಗೆ ಇಡೀ ಸೈಟು ತಿರುಗಿತು. "ಆ ಬೀಮು ನಾನು ನೋಡಿಲ್ಲ! ನೋಡದಽ ಸಹಿ ಹಾಕೀನಿ!"

ಪಿಳ್ಳಪ್ಪ ಕೈಯೆತ್ತಿ ಕ್ರೇನ್ ನಿಲ್ಲಿಸಿದ. ನೌಕರಿಯೇ ಹೋಗಬಹುದಾದ ಮಾತನ್ನು ಎಲ್ಲರೆದುರು ಒದರಿದ್ದಳು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಚಿದಾನಂದ ಕೆಳಗಿಳಿದು ಬಂದ.

"ಮೇಡಂ, ಇದು ಹದಿಮೂರು," ಅವನು ಮೆಲ್ಲಗೆ ಹೇಳಿದ. "ಹನ್ನೆರಡು ಅಲ್ಲಿದೆ."

ಮೂಲೆಯಲ್ಲಿ ಮರದ ದಿಮ್ಮಿಗಳ ಮೇಲೆ ಬೀಮೊಂದು ಮಲಗಿತ್ತು. ಸುತ್ತ ಕೆಂಪು ಟೇಪು. ಟಿಕ್ಕಿನ ಕೆಳಗೆ ಖಾಲಿ.

"ಚುಕ್ಕೆ ಇರಲಿಲ್ಲ. ನೀವು ಪೂರ್ತಿ ನೋಡಿದ್ರೆ ಮಾತ್ರ ಚುಕ್ಕೆ ಇಡ್ತೀರಾ. ಮೂರು ವರ್ಷದಿಂದ ನೋಡ್ತಿದ್ದೀನಿ. ಅದಿಲ್ದೆ ನಾನು ಯಾವ್ದನ್ನೂ ಎತ್ತಲ್ಲ."

ಅವಳಿಗೇ ಗೊತ್ತಿರದಿದ್ದ ಅವಳ ರೂಢಿಯ ಗುಟ್ಟು!

"ಅದು... ಸರಿ ಇತ್ತೇನ್ರಿ?"

"ಇಲ್ಲ. ಒಂದು ತುದೀಲಿ ವೆಲ್ಡಿಂಗ್ ಅರ್ಧಕ್ಕೇ ನಿಂತಿತ್ತು."

ಅವಳು ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕುಸಿದು ಕೂತಳು. ಕಣ್ಣೀರು ತಡೆಯಲಾಗಲಿಲ್ಲ.

"ಯಾಕೆ ನೋಡ್ಲಿಲ್ಲ ಅನ್ನಪೂರ್ಣ? ಏನಾಗಿತ್ತು?"

"ಹೊಟ್ಟಿಕಿಚ್ಚು!" ಅವಳು ಸಿಡಿದಳು. "ಹೊಟ್ಟಿಕಿಚ್ಚು ಆಗಿತ್ತು! ನನಗ ಗೊತ್ತಾಗಬಾರದು ಅಂತ ಅವ್ರಿಗೆ ಹೇಳಾಕತ್ತಿದ್ರಲ್ಲ, ಕೇಳಿಸ್ತು ನನಗ!"

ಹಿಂದಿನಿಂದ ಪ್ರಕೃತಿಯ ದನಿ ಬಂತು. "ಅದಕ್ಕೇನಾ ಅವತ್ತು ಅಂಥ ಹೆಲ್ಮೆಟ್ ಕೊಟ್ಟಿದ್ದು? ನೋಡಿ, ಇವತ್ತು ನಾನೇ ಒಂದು ತಂದ್ಕೊಂಡಿದ್ದೀನಿ." ಆಮೇಲೆ ಚಿದಾನಂದನ ಕಡೆ ತಿರುಗಿ, "ಚಿದು, ಈಗ್ಲಾದ್ರೂ ಹೇಳ್ಬಿಡಿ ಮಾರಾಯ್ರೆ. ನಿಮಗೆ ಪಾಠ ಹೇಳಿ ಹೇಳಿ ನನ್ನ ಗಂಟಲು ಬಿದ್ದೋಯ್ತು," ಎಂದು ಪಿಳ್ಳಪ್ಪನನ್ನೂ ಎಳೆದುಕೊಂಡು ಅತ್ತ ಹೋದಳು.

ಚಿದಾನಂದ ಕೈಗವಸು ಕಳಚಿದ. ಮತ್ತೆ ಹಾಕಿಕೊಂಡ. ಮತ್ತೆ ಕಳಚಿದ.

"ಕಂಪ್ಯೂಟರಲ್ಲಿ ಬರುತ್ತಲ್ಲ ಬಿಲ್ಡಿಂಗ್ ಮಾಡೆಲ್ಲು, ಅದು ನಂಗೆ ಓದೋಕೆ ಬರಲ್ಲ. ಕಲಿತ್ರೆ ಯಾರ್ಡಲ್ಲೇ ಪ್ಲಾನಿಂಗ್ ಕೆಲಸ ಸಿಗುತ್ತೆ. ನೆಲದ ಮೇಲೆ. ಕಬ್ಬಿಣದ ಮೇಲೆ ನಡೆಯೋನ ಜೊತೆ ಆಗಲ್ಲ ಅಂದಿದ್ರಲ್ಲ..."

"ನನ್ನಽ ಕೇಳಬೇಕಿತ್ತು. ನಾ ಕಲಿಸ್ತಿದ್ದಿಲ್ಲೇನು?"

"ನಿಮ್ಮ ಮುಂದೆ ದಡ್ಡ ಅನ್ನಿಸ್ಕೊಳ್ಳೋಕೆ ನಾಚಿಕೆ ಆಯ್ತು."

"ಮ್ಯಾಲ ನಿಲ್ಲೋದು ನಿಮಗ ಭಾಳ ಸೇರತದಲ್ಲ?"

"ಸೇರುತ್ತೆ. ನಾಲ್ಕೂವರೆ ಕಾಫಿ ಅದಕ್ಕಿಂತ ಸೇರುತ್ತೆ."

ಅವಳು ಅಳುತ್ತಲೇ ನಕ್ಕಳು. ರಿಜಿಸ್ಟರ್ ತರಿಸಿ, ಹನ್ನೆರಡರ ಮುಂದಿದ್ದ ತನ್ನ ಸಹಿ ಹೊಡೆದುಹಾಕಿ, 'ಪರೀಕ್ಷಿಸದೆ ಸಹಿ ಮಾಡಿದ್ದೇನೆ, ತಪ್ಪು ನನ್ನದು' ಎಂದು ಬರೆದಳು. ಮ್ಯಾನೇಜರ್ ಏನು ಹೇಳುತ್ತಾರೋ ಹೇಳಲಿ. ಮಧ್ಯಾಹ್ನ ವೆಲ್ಡರ್ ಬಂದು ಕೆಲಸ ಮುಗಿಸಿದ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಗೇಜು ಹಿಡಿದು ಅಳೆದಳು. ಟಿಕ್ ಹಾಕಿದಳು. ಚುಕ್ಕೆ ಇಟ್ಟಳು.

ಪಕ್ಕದಲ್ಲೇ ನಿಂತಿದ್ದ ಚಿದಾನಂದ ಕೆನ್ನೆ ಮುಂದೆ ಮಾಡಿದ.

"ನಂಗೂ ಒಂದು?"

"ಪೂರ್ತಿ ನೋಡದಽ ಚುಕ್ಕಿ ಇಡಂಗಿಲ್ಲ ನಾ."

"ಎಷ್ಟೊತ್ತು ಬೇಕು ನೋಡೋಕೆ?"

"ಅವಸರ ಯಾಕ್ರಿ ಚಿದು? ಕ್ರೇನ್ ಕಾಯಲಿ ಬಿಡ್ರಿ."