ಅರ್ಧ ಇಂಚು ಇಳಿದ ಭುಜ

"ಹತ್ತೇ ಹತ್ತು ನಿಮಿಷ ನಿಂತ್ಕೊಳ್ಳಿ. ಮಾತಾಡ್ಬೇಡಿ, ಅಲ್ಲಾಡ್ಬೇಡಿ. ಬೇಕಿದ್ರೆ ಉಸಿರಾಡಿ."

ಕಾಗದ ಕೊಡಲು ಬಂದ ಪೋಸ್ಟ್‌ಮ್ಯಾನ್‌ನನ್ನು ಹೀಗೆ ಗದರಿಸಿ ಟೈಲರ್ ಅಂಗಡಿಯ ಹುಡುಗಿ ನಿಲುವುಗನ್ನಡಿಯ ಮುಂದೆ ನಿಲ್ಲಿಸಿಬಿಟ್ಟಳು. ಅವನು ಚೀಲ ಕೆಳಗಿಟ್ಟು ನಿಂತ. ಯಾಕೆ, ಏನು ಎಂದು ಕೇಳಲಿಲ್ಲ. ಎರಡು ವರ್ಷದಿಂದ ದಿನಾ ಹನ್ನೊಂದಕ್ಕೆ ಆ ಟೈಲರ್ ಅಂಗಡಿಗೆ ಬಂದು, ಕಾಗದ ಇಲ್ಲದ ದಿನ "ಇವತ್ತು ಏನೂ ಇಲ್ಲ" ಎಂದು ಹೇಳುವುದಕ್ಕೆಂದೇ ಒಳಗೆ ಇಣುಕಿ ಹೋಗುತ್ತಿದ್ದ ಮನುಷ್ಯ, ನಿಲ್ಲು ಎಂದರೆ ಬೇಡ ಅನ್ನುತ್ತಾನೆಯೇ? ಅವಳಿಗೂ ಹನ್ನೊಂದಾಗುವ ಹೊತ್ತಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಆದರೆ ಈ ವಿಷಯದಲ್ಲಿ ಇಬ್ಬರ ಬಾಯಿಗೂ ಬೀಗ.

ಆಗಿದ್ದು ಇಷ್ಟು. ದೇಶಕ್ಕೆಲ್ಲ ಗೊತ್ತಿರುವ ಸಿನಿಮಾ ಹೀರೋ ಒಬ್ಬ ಶೂಟಿಂಗ್‌ಗೆ ಆ ಊರಿಗೆ ಬಂದಿದ್ದ. ಪ್ರಶಸ್ತಿ ಸಮಾರಂಭಕ್ಕೆ ಅವನು ಹಾಕಬೇಕಿದ್ದ ಕೋಟನ್ನು ಯಾರೋ ಪುಣ್ಯಾತ್ಮರು ಇಸ್ತ್ರಿ ಮಾಡಲು ಹೋಗಿ ಬೆನ್ನಿಗೆ ತೂತು ಮಾಡಿದ್ದರು. ಅವನ ಮ್ಯಾನೇಜರ್ ಬೆಳಿಗ್ಗೆಯೇ ಅಂಗಡಿಗೆ ಬಂದು ಬಟ್ಟೆ, ಅಳತೆಯ ಚೀಟಿ ಎರಡನ್ನೂ ಮೇಜಿನ ಮೇಲಿಟ್ಟು, "ಆರು ದಿನದಲ್ಲಿ ಬೇಕು. ಸಾರ್‌ಗೆ ಟ್ರಯಲ್‌ಗೆಲ್ಲ ಟೈಮಿಲ್ಲ," ಎಂದು ಹೇಳಿ ಹೋಗಿದ್ದ.

ಟ್ರಯಲ್ ಇಲ್ಲದೆ ಕೋಟು ಹೊಲಿಯುವುದು ಹೇಗೆ ಎಂದು ಅವಳು ತಲೆ ಮೇಲೆ ಕೈ ಹೊತ್ತು ಕೂತಾಗ, ಅಪ್ಪ ಚೀಟಿ ಓದಿ ನಕ್ಕರು. ಕೈ ನಡುಗಲು ಶುರುವಾದ ಮೇಲೆ ಕತ್ತರಿಯನ್ನು ಮಗಳಿಗೆ ಒಪ್ಪಿಸಿದ್ದ ಅಪ್ಪ, ಜನರ ಹೆಸರು ಮರೆತರೂ ಅಳತೆ ಮರೆಯುವವರಲ್ಲ.

"ಎದೆ ನಲವತ್ತು, ತೋಳು ಇಪ್ಪತ್ತೈದು, ಸೊಂಟ ಮೂವತ್ನಾಲ್ಕು. ಅಯ್ಯೋ, ಇದು ನಮ್ಮ ಪೋಸ್ಟ್‌ಮ್ಯಾನ್ ಕಣೇ. ತಂಗಿ ಮದುವೆಗೆ ಅಂತ ಅಳತೆ ಕೊಟ್ಟು, ಆಮೇಲೆ 'ಮದುವೆ ನಂದಲ್ವಲ್ಲ, ನಂಗ್ಯಾಕೆ ಕೋಟು' ಅಂತ ಬಿಟ್ಟು ಹೋದ್ನಲ್ಲ, ಅವನೇ. ಅವನನ್ನ ನಿಲ್ಲಿಸಿ ಹೊಲಿ."

"ನಿಜವಾಗ್ಲೂ ಅಷ್ಟು ಹೊಂದುತ್ತಾ ಅಪ್ಪಾ?"

"ಒಂದೇ ವ್ಯತ್ಯಾಸ. ಚೀಲ ಹೊತ್ತು ಹೊತ್ತು ಇವನ ಎಡಭುಜ ಅರ್ಧ ಇಂಚು ಇಳಿದಿದೆ. ಅಲ್ಲಿಗೆ ಬಟ್ಟೆ ಮಡಚಿ ಇಟ್ಟು ಸಮ ಮಾಡ್ಕೋ. ಮರೀಬೇಡ."

ಮೊದಲ ದಿನ ಅವಳು ಮರೆಯಲಿಲ್ಲ. ಅವನ ಎಡಭುಜದ ಮೇಲೆ ಬಟ್ಟೆಯ ಮಡಿಕೆ ಇಟ್ಟು, ಮೇಲಿಂದ ಕಚ್ಚಾ ಹೊಲಿಗೆ ಹಾಕಿದ ಕೋಟಿನ ಬಟ್ಟೆ ಹೊದಿಸಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಸುತ್ತಲೂ ಒಂದು ಸುತ್ತು ಬಂದಳು. ಅವನು ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದ. ಅವಳು ನೋಡಿದೊಡನೆ ಗೋಡೆಯ ಗಡಿಯಾರದ ಕಡೆ ತಿರುಗಿದ.

"ಅದು ನಿಂತು ವರ್ಷ ಆಯ್ತು," ಎಂದಳು ಅವಳು, ಪಿನ್ನುಗಳ ಸಂದಿಯಿಂದ.

"ಹಾಗಂತ ನೋಡ್ಬಾರ್ದಾ?"

ಎರಡನೆಯ ದಿನ ಅವನು ನಕ್ಕಾಗ ಮಡಿಕೆ ಜಾರಿ ಬಿತ್ತು. ಅವಳು ಮತ್ತೆ ಇಟ್ಟಳು. ಮೂರನೆಯ ದಿನ ಕಾಲರ್ ಸರಿಪಡಿಸುವಾಗ ಅವಳ ಬೆರಳು ಅವನ ಕುತ್ತಿಗೆಗೆ ತಾಗಿತು. ಇಬ್ಬರೂ ಸಾರಿ ಎಂದರು, ಒಟ್ಟಿಗೇ. ಅಲ್ಲಿಂದ ಮುಂದೆ ಆ ಮಡಿಕೆ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಅವಳಿಗಂತೂ ಗೊತ್ತಿರಲಿಲ್ಲ, ಯಾಕೆಂದರೆ ಅವಳು ಹುಡುಕಲೇ ಇಲ್ಲ. ಇದ್ದ ಭುಜವನ್ನು ಇದ್ದ ಹಾಗೆಯೇ ನೋಡಿ, ಸುಕ್ಕಿಲ್ಲದಂತೆ ಬಟ್ಟೆ ಕೂರಿಸಿ, ಅಕ್ಕರೆಯಿಂದ ಹೊಲಿದಳು.

ಆರನೆಯ ದಿನ ಕೋಟು ಹೋಯಿತು. ಏಳನೆಯ ದಿನ ಸಂಜೆ ಬೀದಿಯವರೆಲ್ಲ ಟಿವಿ ನೋಡಲು ಅಂಗಡಿಯಲ್ಲಿ ಸೇರಿದರು. ಬಾಗಿಲ ಪಕ್ಕದಲ್ಲಿ ಪೋಸ್ಟ್‌ಮ್ಯಾನೂ ಇದ್ದ. ಹೀರೋ ವೇದಿಕೆಗೆ ಬಂದ.

ಕೋಟು ಎಡಭುಜವನ್ನು ಜಗ್ಗುತ್ತಿತ್ತು. ಪಾಪ, ಅವನು ಒಂದು ಸಲ ಕೊಡವಿಕೊಂಡ, ಇನ್ನೊಂದು ಸಲ ಎಳೆದುಕೊಂಡ, ಕೊನೆಗೆ ಹಾಳಾಗಿ ಹೋಗಲಿ ಎಂದು ಭುಜವನ್ನೇ ಇಳಿಬಿಟ್ಟು ನಡೆದ. ಆಗ ಕೋಟು ಮೈಗೆ ಅಂಟಿದಂತೆ ಕೂತಿತು.

"ಅರೆ, ಥೇಟ್ ನಮ್ಮ ಪೋಸ್ಟ್‌ಮ್ಯಾನ್ ನಡೆದ ಹಾಗಿದೆಯಲ್ರೀ," ಎಂದಳು ಬೇಕರಿಯ ಅಕ್ಕ.

ಎಲ್ಲರೂ ಗೊಳ್ಳೆಂದು ನಕ್ಕರು. ಅಪ್ಪ ನಗಲಿಲ್ಲ. ಟಿವಿ ನೋಡಿದರು, ಬಾಗಿಲ ಕಡೆ ನೋಡಿದರು, ಮಗಳ ಮುಖ ನೋಡಿದರು. ಅವಳು ನಾಲಿಗೆ ಕಚ್ಚಿಕೊಂಡು, ಬಿಚ್ಚಿ ಬಿದ್ದಿದ್ದ ದಾರದುಂಡೆಯನ್ನು ಸುತ್ತತೊಡಗಿದಳು.

ಅಂಗಡಿಯ ಮಾನ ಹೋಯಿತೆಂದು ಅವಳು ರಾತ್ರಿಯೆಲ್ಲ ಹೊರಳಾಡಿದಳು. ಆದರೆ ಬೆಳಗಾದರೆ ಪೇಪರಿನ ತುಂಬ ಹೀರೋನ ಫೋಟೋ. ಏನು ಗತ್ತು, ಏನು ಗೈರತ್ತು, ಇದು ಹೊಸ ಸ್ಟೈಲ್ ಅಂತೆ. ವಾರದೊಳಗೆ ಕಾಲೇಜು ಹುಡುಗರೆಲ್ಲ ಒಂದು ಭುಜ ಇಳಿಬಿಟ್ಟು ಓಡಾಡತೊಡಗಿದರು. ಮ್ಯಾನೇಜರ್ ಫೋನ್ ಮಾಡಿ, ಹನ್ನೆರಡು ಕೋಟು ಬೇಕು, ನೀವೇ ಬಂದು ಸಾರ್ ಹತ್ತಿರ ಕೆಲಸಕ್ಕೆ ಸೇರಿ, ಮನೆ, ಕಾರು ಎಲ್ಲ ಕೊಡ್ತೀವಿ, ಗುರುವಾರ ಕರೆದುಕೊಂಡು ಹೋಗೋಕೆ ಬರ್ತೀನಿ ಎಂದ. ಯೋಚಿಸಿ ಹೇಳ್ತೀನಿ ಎಂದಳು. ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿತು.

ಅಂದಿನಿಂದ ಪೋಸ್ಟ್‌ಮ್ಯಾನ್ ಒಳಗೆ ಬರಲಿಲ್ಲ. ಕಾಗದವನ್ನು ಬಾಗಿಲಿನ ಅಡಿಯಿಂದ ತೂರಿಸಿ ಹೋದ. ಮೂರನೆಯ ದಿನ ಅವಳು ಬಾಗಿಲ ಹಿಂದೆಯೇ ಕಾದಿದ್ದು ಥಟ್ಟನೆ ತೆರೆದಳು. ಬಗ್ಗಿದ್ದವನು ಹಾಗೇ ಉಳಿದ.

"ಇದೇನು ಕಳ್ಳನ ಥರ?"

"ಕೆಲಸ ಜಾಸ್ತಿ," ಎಂದ ಅವನು, ಹೊಸ್ತಿಲಿಗೆ ಹೇಳುವಂತೆ. "ನಿಮಗೆ ಒಳ್ಳೇ ಅದೃಷ್ಟ ಬಂದಿದೆ. ಹೋಗ್ಬನ್ನಿ. ನಾನು ಅಡ್ಡ ನಿಲ್ಲೋದು ಸರಿಯಲ್ಲ."

"ಅಡ್ಡ ನಿಲ್ಲೋಕೆ ನೀವ್ಯಾರು?"

ಕೇಳಬೇಕೆಂದು ಕೇಳಿದ್ದಲ್ಲ, ಸಿಟ್ಟಿಗೆ ಬಂದ ಮಾತು. ಅವನ ಮುಖ ಸಪ್ಪಗಾಯಿತು. ಚೀಲ ಏರಿಸಿಕೊಂಡು ಹೋದ. ಅವಳು ಒಳಗೆ ಬಂದು ಅಳುತ್ತಾ ಗುಂಡಿಯ ಕಾಜಾ ಹೊಲಿದಳು, ಹೊಲಿದದ್ದನ್ನೆಲ್ಲ ಬಿಚ್ಚಿದಳು.

ಗುರುವಾರ ಬೀದಿಯ ಅಗಲಕ್ಕೂ ಒಂದು ಕಾರು ಬಂದು ನಿಂತಿತು. ಹಿಂದೆಯೇ ಜನ. ಮ್ಯಾನೇಜರ್ ಒಳಗೆ ಕುರ್ಚಿಯ ಮೇಲೆ ಕೂತು, "ಮೇಡಂ, ಮೊದಲು ಒಂದು ಹೇಳಿ. ಈ ಕಟ್ ನಿಮಗೆ ಎಲ್ಲಿಂದ ಹೊಳೀತು?" ಎಂದ.

ಸರಿಯಾಗಿ ಹನ್ನೊಂದು. ಕಾರು ದಾರಿ ಕಟ್ಟಿದ್ದರಿಂದ ಪೋಸ್ಟ್‌ಮ್ಯಾನ್ ಅಂಗಡಿಯ ಮೆಟ್ಟಿಲು ಹತ್ತಿಯೇ ದಾಟಬೇಕಿತ್ತು. ಅವಳು ಸುಮ್ಮನಿದ್ದರೆ ಮನೆ, ಕಾರು, ಹೆಸರು. ಬಾಯಿ ಬಿಟ್ಟರೆ ಊರೆಲ್ಲ ನಗುತ್ತದೆ. ಅವಳು ಬಾಯಿ ಬಿಟ್ಟಳು.

"ಹೊಳೆದದ್ದಲ್ಲ ಸಾರ್, ತಪ್ಪಾಗಿದ್ದು. ಅದು ಕಟ್ ಅಲ್ಲ, ಇವರ ಭುಜ." ಮೆಟ್ಟಿಲ ಮೇಲಿದ್ದವನ ಕಡೆ ಕೈ ತೋರಿಸಿದಳು. "ನಿಮ್ಮ ಸಾರ್ ಕೋಟು ಇವರ ಮೈಮೇಲಿಟ್ಟು ಹೊಲಿದೆ. ಸಮ ಮಾಡ್ಕೋ ಅಂತ ಅಪ್ಪ ಹೇಳಿದ್ರು. ಇವರು ಎದುರಿಗೆ ನಿಂತಾಗ ನಂಗೆ ನಿಮ್ಮ ಸಾರ್ ನೆನಪೇ ಬರಲಿಲ್ಲ."

ಜನ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಪೋಸ್ಟ್‌ಮ್ಯಾನ್‌ನ ಕೈಯಿಂದ ನಾಲ್ಕಾರು ಕಾಗದ ಜಾರಿದವು. ಕಿವಿ ಕೆಂಪಗಾಗಿತ್ತು.

ಮ್ಯಾನೇಜರ್ ವ್ಯವಹಾರಸ್ಥ. "ಹಾಗಾದ್ರೆ ಇವರನ್ನೂ ಕರ್ಕೊಂಡು ಬನ್ನಿ," ಎಂದ.

"ಇವರು ಬಂದ್ರೆ ಕಾಗದ ಹಂಚೋರು ಯಾರು?" ಎಂದರು ಅಪ್ಪ. "ಬಟ್ಟೆ ಕಳಿಸಿ, ಇಲ್ಲೇ ಹೊಲೀತಾಳೆ. ಹನ್ನೆರಡು ಕೋಟು ಹೊಲಿಯೋಕೆ ಈ ಹುಡುಗ ಎಷ್ಟು ದಿನ ನಿಲ್ಲಬೇಕಾಗುತ್ತೋ, ಅದನ್ನ ಅವನನ್ನೇ ಕೇಳಿ."

"ನಂಗೇನೂ ಅವಸರ ಇಲ್ಲ," ಎಂದ ಪೋಸ್ಟ್‌ಮ್ಯಾನ್.

ಹನ್ನೆರಡು ಕೋಟು ಹೋದವು. ಹದಿಮೂರನೆಯದನ್ನು ಅವಳು ಯಾರೂ ಕೇಳದೆಯೇ ಕತ್ತರಿಸಿದ್ದಳು. ಅದನ್ನು ತೊಡಿಸಿದ ದಿನ ಅವನು ಕನ್ನಡಿ ನೋಡಿಕೊಂಡು, "ಟೈಲರ್ ಮೇಡಂ, ಎಡಗಡೆ ಅರ್ಧ ಇಂಚು ಇಳಿದಿದೆ," ಎಂದ.

"ಗೊತ್ತು. ಆವತ್ತು ಗೊತ್ತಿಲ್ದೆ ಹೊಲಿದೆ. ಇವತ್ತು ಗೊತ್ತಿದ್ದೇ ಹೊಲಿದಿದ್ದೀನಿ."

"ಯಾರ ಮದುವೆಗೆ ಇದು?"

ಅವಳು ಬಾಯಲ್ಲಿದ್ದ ಪಿನ್ನುಗಳನ್ನೆಲ್ಲ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ ಅವನ ಇಳಿದ ಭುಜದ ಮೇಲೆ ಕೈಯಿಟ್ಟು ಹೇಳಿದಳು, "ಈ ಸಲ ನಿಮ್ಮದೇ."