ಬಾಯಿಗೆ ಎರಡು ಚೌಕ ಜಾಸ್ತಿ

“ಯಾರ ಮುಖ ಅದು?”

ಬಾಗಿಲಿನಿಂದ ಬಂದ ಆ ದನಿಗೆ ಏಳನೇ ತರಗತಿಯ ನಗು ತಟ್ಟನೆ ನಿಂತುಹೋಯಿತು. ಗಣಿತದ ಮಿಸ್ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಡ್ರಾಯಿಂಗ್ ಮಾಸ್ಟರ್!

ಅವಳು ಈ ಶಾಲೆಗೆ ಸೇರಿ ಎರಡು ತಿಂಗಳಾಗಿತ್ತು. ಸ್ಟಾಫ್‌ರೂಮಿನಲ್ಲಿ ದಿನವೂ ಅವರ ಎದುರಿನ ಕುರ್ಚಿಯಲ್ಲೇ ತಲೆ ತಗ್ಗಿಸಿ ಕೂರುತ್ತಿದ್ದರೂ ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ ಅವಳು.

ಕಪ್ಪುಹಲಗೆಯ ಮೇಲೆ ಎರಡು ಮುಖಗಳಿದ್ದವು. ಒಂದನ್ನು ಅಡ್ಡಕ್ಕೆ ಮಾತ್ರ ಹಿಗ್ಗಿಸಿ ಬರೆದಿದ್ದಳು, ಕೆನ್ನೆಗಳು ಕುಂಬಳಕಾಯಿಯಾಗಿದ್ದವು. ಇನ್ನೊಂದನ್ನು ಉದ್ದಕ್ಕೆ ಮಾತ್ರ ಎಳೆದಿದ್ದಳು. ಗಲ್ಲ ಹಲಗೆಯ ಅಂಚಿಗೆ ಇಳಿದಿತ್ತು.

“ಸರ್, ಅದು... ಸಮರೂಪ ಆಕೃತಿಗಳ ಪಾಠ. ಎಲ್ಲ ಅಳತೇನೂ ಒಂದೇ ಸಂಖ್ಯೆಯಿಂದ ಗುಣಿಸಿದ್ರೆ ಮಾತ್ರ ಸಮರೂಪ. ಒಂದೇ ಕಡೆ ಹಿಗ್ಗಿಸಿದ್ರೆ ರೂಪ ಕೆಡುತ್ತೆ ಅಂತ ತೋರಿಸೋಕೆ, ಸುಮ್ನೆ ಯಾವುದೋ ಒಂದು ಮುಖ...”

“ಡ್ರಾಯಿಂಗ್ ಸರ್ರೇ ಅದು! ಬಲೂನ್ ಆಗ್ಬಿಟ್ಟಿದ್ದಾರೆ!” ಹಿಂದಿನ ಬೆಂಚು ಕಿರುಚಿತು. ತಡೆಹಿಡಿದಿದ್ದ ನಗುವೆಲ್ಲ ಸಿಡಿಯಿತು.

ಅವಳು ತಿರುಗಿ ನೋಡಿದಳು. ಅಯ್ಯೋ... ದಾರ ಸುತ್ತಿದ ಕನ್ನಡಕದ ಕಡ್ಡಿ, ಎಡ ಹುಬ್ಬಿನ ಗಾಯದ ಗೆರೆ... ಹೌದಲ್ಲ! ಇದನ್ನೆಲ್ಲ ನನ್ನ ಕೈ ಯಾವಾಗ ಬರೆಯಿತು?

“ಯಾವುದೋ ಒಂದು ಮುಖ...” ಅವರು ಆ ಮಾತನ್ನೇ ಅಗಿದು ಉಗುಳಿದರು. “ಮಕ್ಕಳನ್ನ ನಗಿಸೋಕೆ ನನ್ನ ಮೂತೀನೇ ಬೇಕಿತ್ತಾ ಮಿಸ್? ನಾನು ಬಂದಿದ್ದು ನನ್ನ ಬೋರ್ಡಿಗೆ.”

ಕಿಟಕಿಯ ಪಕ್ಕ ತೂಗುತ್ತಿದ್ದ ಚೌಕದ ಗೆರೆಗಳಿದ್ದ ರೋಲಪ್ ಬೋರ್ಡನ್ನು, ಅದರಲ್ಲೇನಿದೆ ಎಂದೂ ನೋಡದೆ, ಸರ್ರನೆ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಹೋದರು.

ಅವಳು ಮೊದಲು ಬರೆದ ಚಿಕ್ಕ ಮುಖ ಅದರಲ್ಲಿತ್ತು. ಎಲ್ಲೂ ಹಿಗ್ಗಿಸದ, ಮೂಲ ಮುಖ.

ಮರುದಿನದಿಂದ ಇಡೀ ಶಾಲೆಗೆ ಅವರು ಬಲೂನ್ ಸರ್. ಮೆಟ್ಟಿಲಲ್ಲಿ, ನಲ್ಲಿಯ ಹತ್ತಿರ, ಆಟದ ಬಯಲಲ್ಲಿ, ಎಲ್ಲೆಲ್ಲೂ ಅದೇ ಪಿಸುಮಾತು. ಅವರೂ ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ.

“ಸ್ವಲ್ಪ ಕುರ್ಚಿ ಎಳ್ಕೊಳ್ಳಿ ಮಿಸ್. ನಾನು ಅಡ್ಡಕ್ಕೆ ಜಾಸ್ತಿ,” ಎಂದು ಸ್ಟಾಫ್‌ರೂಮಿಗೆಲ್ಲ ಕೇಳುವಂತೆ ಹೇಳಿ ಅವಳ ಹಿಂದೆ ಹಾದುಹೋಗುತ್ತಿದ್ದರು.

“ಸರ್, ಕ್ಷಮಿಸಿ. ನಾನು ಬೇಕಂತ ಮಾಡಿದ್ದಲ್ಲ...”

“ಗೊತ್ತು. ಸುಮ್ನೆ ಮಾಡಿದ್ದು. ಬೇಕಂತ ಮಾಡಿದ್ರೆ ಇಷ್ಟು ಉರೀತಿರಲಿಲ್ಲ.”

ಅವಳಿಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಗಿ ಉತ್ತರಪತ್ರಿಕೆಗಳಲ್ಲಿ ಮುಖ ಹುದುಗಿಸಿದಳು.

ಅಷ್ಟರಲ್ಲಿ ಹೆಡ್‌ಮಿಸ್ ಕರೆಸಿದರು. “ನೋಡಮ್ಮ, ಶುಕ್ರವಾರ ತಪಾಸಣೆ ಮೇಡಂ ಬರ್ತಾರೆ. ಸಮರೂಪ ಪಾಠಾನೇ ಮಾಡು. ಅವರು ಒಪ್ಪಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಈ ತಿಂಗಳಿಗೇ ಮುಗೀತು.”

ಚೌಕಗಳಿಲ್ಲದೆ ಆ ಪಾಠ ಹೇಗೆ? ಇಡೀ ಶಾಲೆಗೆ ಇರುವುದು ಅದೊಂದೇ ಬೋರ್ಡು! ಎದೆ ಗಟ್ಟಿಮಾಡಿಕೊಂಡು ಡ್ರಾಯಿಂಗ್ ರೂಮಿಗೆ ಹೋದಳು.

“ಸರ್, ಶುಕ್ರವಾರಕ್ಕೆ ಆ ಬೋರ್ಡು...”

“ಈ ಸಲ ಯಾರ ಮುಖ? ಹೆಡ್‌ಮಿಸ್‌ದಾ?”

ಅವಳೊಳಗೆ ಏನೋ ಕಿತ್ತುಹೋಯಿತು.

“ನಿಮ್ಮ ಕೋಪಕ್ಕೆ ನನ್ನ ಕೆಲಸ ಹೋಗ್ಬೇಕಾ? ಎಷ್ಟು ಸಲ ಕ್ಷಮೆ ಕೇಳ್ಲಿ? ನಾನು ಮಾಡಿದ ತಪ್ಪು ಒಂದು ಚೌಕ, ನಿಮ್ಮ ಕೋಪ ಹತ್ತು ಚೌಕ! ಹಿಗ್ಗಿಸಿ ಹಿಗ್ಗಿಸಿ ರೂಪ ಕೆಡಿಸ್ತಿರೋದು ಯಾರು ಸರ್ ಈಗ?”

ತನ್ನ ದನಿಗೆ ತಾನೇ ಬೆಚ್ಚಿದಳು. ಅವರು ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟರು. ಬೋರ್ಡು ಮೂಲೆಯಲ್ಲಿ, ಸುತ್ತಿದಂತೆಯೇ ಬಿದ್ದಿತ್ತು.

“ಅಟೆಂಡರ್ ಕೈಲಿ ಕಳಿಸ್ತೀನಿ. ಹೋಗಿ.”

ಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕ ಎಲ್ಲ ಕೇಳಿ ಕಿಸಕ್ಕನೆ ನಕ್ಕಳು. “ಅಲ್ಲ ಕಣೇ, ಅವರ ಹುಬ್ಬಿನ ಗಾಯ ನಿಂಗೆ ಹೇಗೆ ಗೊತ್ತು?”

“ಎದುರಿಗೇ ಕೂರ್ತಾರಲ್ಲ, ಕಣ್ಣಿಗೆ ಬೀಳುತ್ತೆ.”

“ಹುಟ್ಟಿದಾಗಿಂದ ನಾನೂ ನಿನ್ನೆದುರಿಗೇ ಇದ್ದೀನಿ. ಎಲ್ಲಿ, ಕಣ್ಮುಚ್ಚಿ ನನ್ನ ಹುಬ್ಬು ಹೇಗಿದೆ ಹೇಳು!”

“ಸುಮ್ನಿರೇ ಅಕ್ಕ! ಆ ಮನುಷ್ಯನ ಮುಖ ಕಂಡ್ರೆ ಆಗಲ್ಲ ನಂಗೆ.”

ಹೇಳಿದಳು. ಆದರೆ ಕಣ್ಣು ಮುಚ್ಚಿದರೆ ಅದೇ ಮುಖ...

ಶುಕ್ರವಾರ ಮೇಡಂ ಹಿಂದಿನ ಬೆಂಚಿನಲ್ಲಿ ಕೂತಾದ ಮೇಲೆ ಅಟೆಂಡರ್ ಬೋರ್ಡು ತಂದು ತೂಗುಹಾಕಿದ. ಅವಳು ದಾರ ಬಿಚ್ಚಿದಳು.

ಅಯ್ಯೋ, ಇದೇನಿದು!

ಅವಳು ಸೀಮೆಸುಣ್ಣದಲ್ಲಿ ಬರೆದಿದ್ದ ಚಿಕ್ಕ ಮುಖದ ಗೆರೆಗಳ ಮೇಲೆ ಬಿಳಿ ಪೇಂಟು. ಅದರ ಪಕ್ಕದಲ್ಲಿ ಅದೇ ಮುಖ, ದೊಡ್ಡದಾಗಿ. ಎಲ್ಲ ಮುಗಿಯಿತು... ಮೇಡಂ ಮುಂದೆ ನನ್ನ ಮಾನ ಕಳೆಯಲು ಈ ಉಪಾಯವೇ? ಈಗ ಒಬ್ಬ ‘ಬಲೂನ್’ ಎಂದರೆ ಸಾಕು!

ಹಿಂದೆ ಸರಿಯಲು ದಾರಿಯಿರಲಿಲ್ಲ.

“ಚಿಕ್ಕದು ಮೂಲ ಚಿತ್ರ,” ಎಂದಳು ಬೆರಳು ತೋರಿಸಿ. “ದೊಡ್ಡದು ಅದರ ಸಮರೂಪ ಹೌದಾ, ಅಲ್ವಾ? ನೋಡಿ ಹೇಳೋದಲ್ಲ, ಎಣಿಸಿ ಹೇಳಿ.”

ಮಕ್ಕಳು ಬೋರ್ಡಿಗೆ ಮುತ್ತಿಕೊಂಡರು.

“ಮುಖದ ಅಗಲ ಆರು ಚೌಕ. ಇಲ್ಲಿ ಹನ್ನೆರಡು!”

“ಉದ್ದ ಎಂಟು, ಹದಿನಾರು!”

“ಹುಬ್ಬಿನ ಗಾಯಾನೂ ಡಬಲ್ ಮಿಸ್!”

“ಹಾಗಾದ್ರೆ ಸಮರೂಪ!” ಎಂದರು ಹಿಂದಿನ ಬೆಂಚಿನ ಹುಡುಗರು. ಬಲೂನಿನ ಮಾತೇ ಇಲ್ಲ.

“ತಡೀರೋ!” ಜಡೆಯ ಹುಡುಗಿಯೊಬ್ಬಳು ಬೆರಳಿಟ್ಟು ಮತ್ತೆ ಎಣಿಸಿದಳು. “ಬಾಯಿ ನೋಡಿ. ಚಿಕ್ಕದರಲ್ಲಿ ಎರಡು. ಇಲ್ಲಿ ನಾಲ್ಕಿರ್ಬೇಕು. ಆರಿದೆ! ಸಮರೂಪ ಅಲ್ಲ ಮಿಸ್.”

“ಯಾಕೆ ಹಾಗಾಯ್ತು?”

“ಇದ್ರಲ್ಲಿ ಸರ್ ನಗ್ತಿದ್ದಾರೆ!”

ಅವಳು ಆಗ ನೋಡಿದಳು. ನಿಜ... ಎರಡು ತಿಂಗಳಲ್ಲಿ ಒಮ್ಮೆಯೂ ಕಾಣದ ನಗು.

ಪಾಠ ಮುಗಿದಾಗ ಮೇಡಂ ಎದ್ದು ಬಂದರು. “ಒಂದೇ ಅಳತೆ ತಪ್ಪಿಸಿ ಮಕ್ಕಳ ಕೈಲೇ ಹುಡುಕಿಸಿದ್ರಲ್ಲ, ಭೇಷ್! ಯಾರ ಯೋಚನೆ?”

“ಡ್ರಾಯಿಂಗ್ ಸರ್‌ದು ಮೇಡಂ,” ಎಂದಳು. ಸುಳ್ಳು ಬಾಯಿಗೆ ಬರಲಿಲ್ಲ.

“ಯೋಚನೆ ಅವರದು, ಪಾಠ ನಿಮ್ಮದು. ನೀವು ಇಲ್ಲೇ ಇರ್ಬೇಕಮ್ಮ. ಹಾಗೇ ಬರೀತೀನಿ.”

ಬೋರ್ಡು ಸುತ್ತಿಕೊಂಡು ಅವಳು ಡ್ರಾಯಿಂಗ್ ರೂಮಿಗೆ ಬಂದಾಗ ಅವರು ಕುಂಚ ತೊಳೆಯುತ್ತಿದ್ದರು.

“ಪೇಂಟ್ ಹಚ್ಚಿದ್ದೀರಿ ಸರ್. ಇನ್ನು ಅಳಿಸೋಕಾಗಲ್ಲ.”

“ಅಳಿಸ್ಬಾರ್ದು ಅಂತಾನೇ ಹಚ್ಚಿದ್ದು. ಶಾಲೆಗೆ ಹೊಸ ಬೋರ್ಡು ತಂದ್ಕೊಡ್ತೀನಿ.” ಅವರು ತಿರುಗಲಿಲ್ಲ. “ನೀವು ಬೈದು ಹೋದ್ಮೇಲೆ ಬಿಚ್ಚಿ ನೋಡಿದೆ. ಈ ಗಾಯ ನಮ್ಮಮ್ಮನಿಗೂ ಮರೆತುಹೋಗಿದೆ ಮಿಸ್. ಯಾವುದೋ ಒಂದು ಮುಖಾನ ಯಾರೂ ಹೀಗೆ ಬರೆಯಲ್ಲ.”

“‘ಸುಮ್ನೆ’ ಅಂದಿದ್ದು ಸುಳ್ಳು,” ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. “ನೀವು ನೋಡದಿದ್ದಾಗ... ದಿನಾ ನೋಡ್ತಿದ್ದೆ. ಬಾಯಿ ಯಾಕೆ ತಪ್ಪು ಬರೆದ್ರಿ?”

“ನೀವು ಬರೆದವನು ನಗ್ತಿರಲಿಲ್ಲ. ಅದನ್ನ ನೋಡಿದವನಿಗೆ ನಗು ತಡೆಯೋಕಾಗಲಿಲ್ಲ.”

ಅವಳು ತಂದ ಬೋರ್ಡನ್ನು ಬಿಚ್ಚಿ, ಅವರು ಕುಂಚದಿಂದ ಅದರ ಖಾಲಿ ಜಾಗ ತೋರಿಸಿದರು. “ಇಲ್ಲಿ ಇನ್ನೊಂದು ಮುಖ ಹಿಡಿಸುತ್ತೆ. ಸ್ವಲ್ಪ ತಲೆ ಎತ್ತಿ ಕೂತ್ಕೋತೀರಾ? ಎರಡು ತಿಂಗಳಿಂದ ಬರೀ ಬೈತಲೆ ನೋಡಿದ್ದೀನಿ.”

ಅವಳು ಕೂತಳು. ನಿಧಾನವಾಗಿ ತಲೆ ಎತ್ತಿದಳು.

“ಹಿಗ್ಗಿಸಿ ಬರೀಬೇಡಿ ಮತ್ತೆ!”

“ನೀವು ನಗದೇ ಇದ್ರೆ ತಾನೇ...”

ಅವಳು ಆಗಲೇ ನಕ್ಕುಬಿಟ್ಟಿದ್ದಳು.